ಓದುಗರ ಪ್ರಶ್ನೆ, ಅಂಕಣದ ಉತ್ತರ: ವರ್ಣಭೇದದ ಓದು ಮತ್ತು ನಮ್ಮ ಮನೆಯ ಕಟ್ಟಳೆಗಳು

ಈ ಸಂಚಿಕೆಗೆ ಆರಿಸಿಕೊಂಡ ಐದೂ ಪತ್ರಗಳು ಬಣ್ಣ, ಹುಟ್ಟು, ಜನಾಂಗಗಳನ್ನು ನೋಡಿ ಮನುಷ್ಯರಿಗೆ ಸ್ಥಾನ ನಿಗದಿಪಡಿಸುವ ರೂಢಿಗೆ ಸಂಬಂಧಿಸಿದವು. ಬರೆದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ. ಸ್ಥಳದ ಅಭಾವದಿಂದ ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮಗಳು ಈ ಸಲ ಊರಿಗೆ ಬಂದಾಗ ಅಲ್ಲಿನ ಕಪ್ಪು ಜನರ ಇತಿಹಾಸದ ಬಗ್ಗೆ ಕೆಲವು ಪುಸ್ತಕಗಳನ್ನು ತಂದುಕೊಟ್ಟು, ‘ಅಪ್ಪಾ, ಇವನ್ನು ಓದಿ, ಆಮೇಲೆ ಮಾತಾಡೋಣ’ ಎಂದು ಹೇಳಿ ಹೋಗಿದ್ದಾಳೆ. ಬಿಳಿಯರಿಂದ ಆಳಿಸಿಕೊಂಡವರು ನಾವು, ನಮ್ಮ ಮೈಬಣ್ಣವೂ ಬಿಳಿಯಲ್ಲ. ಹೀಗಿರುವಾಗ ವರ್ಣಭೇದದ ಪಾಠ ನಮಗೇಕೆ? ಓದಲೇಬೇಕೆಂದರೆ ಎಲ್ಲಿಂದ ಆರಂಭಿಸಬೇಕು, ಹೇಗೆ ಓದಬೇಕು?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ‘ನಮಗೇಕೆ’ ಎಂಬ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟಿನ ಹಳೆಯ ಮೊಕದ್ದಮೆಯೊಂದು ಚೆನ್ನಾಗಿ ಉತ್ತರ ಕೊಡುತ್ತದೆ. ಪಂಜಾಬಿನಿಂದ ಅಲ್ಲಿಗೆ ಹೋಗಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ತಿಂದ್ ಅವರು ಆ ದೇಶದ ಪೌರತ್ವ ಕೇಳಿದರು. ವಲಸೆ ಬಂದವರ ಪೈಕಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಕೊಡಬಹುದೆಂದು ಅಂದಿನ ಕಾನೂನು ಹೇಳುತ್ತಿತ್ತು. ತಿಂದ್ ಅವರ ಪರವಾಗಿ ಮಂಡಿಸಿದ ವಾದವನ್ನು ಗಮನಿಸಿ: ಇವರು ಮೇಲ್ಜಾತಿಯ ಆರ್ಯ ಮೂಲದವರು, ಆದ್ದರಿಂದ ಬಿಳಿಯರ ಕುಲಕ್ಕೇ ಸೇರಿದವರು, ಅಮೆರಿಕದ ಬಿಳಿಯನು ನೀಗ್ರೋಗಳನ್ನು ಕಾಣುವ ಹಾಗೆಯೇ ಭಾರತದ ಮೇಲ್ಜಾತಿಯವನು ಅಲ್ಲಿನ ಮೂಲನಿವಾಸಿಗಳನ್ನು ಕಾಣುತ್ತಾನೆ. 1923ರಲ್ಲಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿ, ಜನಸಾಮಾನ್ಯರ ತಿಳುವಳಿಕೆಯಂತೆ ಭಾರತೀಯ ಬಿಳಿಯನಲ್ಲ ಎಂದು ತೀರ್ಪು ಕೊಟ್ಟಿತು. ಅದಕ್ಕೂ ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಆ ಬಳಿಕ ಅದನ್ನು ಕಳೆದುಕೊಂಡರು. ಗೆರೆ ಎಳೆದದ್ದೇ ತಪ್ಪು ಎಂದು ನಮ್ಮವರ ಪರವಾಗಿ ಅಲ್ಲಿ ಯಾರೂ ವಾದಿಸಲಿಲ್ಲ. ಗೆರೆಯ ಆಚೆಗೆ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು, ಅದಕ್ಕೆ ಸಾಕ್ಷಿಯಾಗಿ ಜಾತಿಯನ್ನೇ ಹಾಜರುಪಡಿಸಿದರು. ಬಿಳಿಯರಿಂದ ಆಳಿಸಿಕೊಂಡ ಮಾತ್ರಕ್ಕೆ ನಾವು ಈ ರೋಗದಿಂದ ಹೊರಗುಳಿದೆವು ಎನ್ನಲಾಗದು.

ಇದೇ ಕಥೆಯ ಮುಂದಿನ ಭಾಗ ನಿಮ್ಮ ಮಗಳಿಗೆ ಹತ್ತಿರವಾದದ್ದು. ಭಾರತೀಯರು ಅಲ್ಲಿನ ಪೌರರಾಗಬಹುದೆಂಬ ಕಾನೂನು ಬಂದದ್ದು 1946ರಲ್ಲಿ. ಅದೂ ವರ್ಷಕ್ಕೆ ಕೇವಲ 100 ಮಂದಿಗೆ ವಲಸೆಯ ಅವಕಾಶ ಕೊಟ್ಟು. ಇಂದು ನಮ್ಮ ಕರಾವಳಿಯ ಎಂಜಿನಿಯರುಗಳೂ ವೈದ್ಯರೂ ಅಲ್ಲಿಗೆ ಹೋಗುವ ದಾರಿ ತೆರೆದದ್ದು 1965ರ ವಲಸೆ ಕಾಯಿದೆಯಿಂದ, ಮತ್ತು ಆ ಕಾಯಿದೆ ಬಂದದ್ದು ಕಪ್ಪು ಜನರ ನಾಗರಿಕ ಹಕ್ಕು ಚಳವಳಿ ಇಡೀ ದೇಶದ ಮನಸ್ಸನ್ನು ಅಲುಗಾಡಿಸಿದ ಕಾಲದಲ್ಲಿ. ‘ಅಲ್ಲಿನ ಕರಿಯರ ಗಲ್ಲಿಗಳಿಗೆ ಹೋಗಬೇಡ’ ಎಂದು ವೀಸಾ ಕೈಗೆ ಬಂದ ದಿನವೇ ಮಕ್ಕಳಿಗೆ ಬುದ್ಧಿ ಹೇಳುವ ನಮ್ಮ ಮನೆಗಳಲ್ಲಿ ಈ ಋಣದ ಮಾತು ಬಂದದ್ದು ಕಡಿಮೆ.

ಎಲ್ಲಿಂದ ಆರಂಭಿಸಬೇಕೆಂದರೆ, ದ್ವೇಷದ ಕಥೆಗಳಿಂದ ಬೇಡ, ಕಾನೂನಿನ ಕಥೆಯಿಂದ ಆರಂಭಿಸಿ. ಬ್ಯಾಂಕಿನಲ್ಲಿ ದುಡಿದ ನಿಮಗೆ ಅದು ಬೇಗ ಅರ್ಥವಾಗುತ್ತದೆ. ವರ್ಜೀನಿಯಾ ವಸಾಹತು 1662ರಲ್ಲಿ ಒಂದು ಕಾಯಿದೆ ಮಾಡಿತು: ಹುಟ್ಟಿದ ಮಗು ಸ್ವತಂತ್ರವೋ ಗುಲಾಮನೋ ಎಂಬುದನ್ನು ತಾಯಿಯ ಸ್ಥಿತಿಯೇ ತೀರ್ಮಾನಿಸತಕ್ಕದ್ದು. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಮಗು ತಂದೆಯನ್ನು ಅನುಸರಿಸುತ್ತಿತ್ತು. ಇಲ್ಲಿ ಅದನ್ನು ತಿರುವಿ ಹಾಕಿದರು. ಗುಲಾಮ ಹೆಣ್ಣಿನಲ್ಲಿ ಯಜಮಾನನಿಗೇ ಹುಟ್ಟಿದ ಮಗು ಇದರಿಂದ ಅವನ ವಾರಸುದಾರ ಆಗಲಿಲ್ಲ, ಅವನ ಸೊತ್ತಾಯಿತು. ಜನರಿಗೆ ಮೊದಲು ದ್ವೇಷವಿತ್ತು, ಅದರಿಂದ ಗುಲಾಮಗಿರಿ ಬಂತು ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಇತಿಹಾಸ ಓದಿದಂತೆಲ್ಲ ಕಾಣುವ ಕ್ರಮವೇ ಬೇರೆ: ಲಾಭ ಮೊದಲು ಬಂತು, ಲಾಭವನ್ನು ಕಾಯಲು ಕಾನೂನು ಬಂತು, ಕಾನೂನನ್ನು ಸಮರ್ಥಿಸಲು ‘ಇವರು ಹುಟ್ಟಿನಿಂದಲೇ ಕೀಳು’ ಎಂಬ ಸಿದ್ಧಾಂತ ಬಂತು.

ಆ ಸಿದ್ಧಾಂತಕ್ಕೆ ಜೀವವಿಜ್ಞಾನದಲ್ಲಿ ಆಧಾರವಿಲ್ಲ. ಯಾವುದೇ ಇಬ್ಬರು ಮನುಷ್ಯರ ವಂಶವಾಹಿ ವಿನ್ಯಾಸ ಸುಮಾರು 99.9 ಶೇಕಡಾ ಒಂದೇ. 1972ರಲ್ಲಿ ರಿಚರ್ಡ್ ಲೆವಂಟಿನ್ ಎಂಬ ವಿಜ್ಞಾನಿ ತೋರಿಸಿಕೊಟ್ಟಂತೆ, ಇರುವ ಅಲ್ಪ ವ್ಯತ್ಯಾಸದಲ್ಲಿಯೂ ಸುಮಾರು 85 ಶೇಕಡಾ ಒಂದೊಂದು ಜನಸಮೂಹದ ಒಳಗೇ ಇದೆ. ಮೈಬಣ್ಣವಂತೂ ಪೂರ್ವಜರು ಬಾಳಿದ ನೆಲದಲ್ಲಿ ಬಿಸಿಲಿನ ಅತಿನೇರಳೆ ಕಿರಣ ಎಷ್ಟಿತ್ತು ಎಂಬುದಕ್ಕೆ ದೇಹ ಹೊಂದಿಕೊಂಡ ಗುರುತು.

ಇಷ್ಟಾದ ಮೇಲೆ ಗುಲಾಮಗಿರಿಯನ್ನು ಅನುಭವಿಸಿದವರೇ ಬರೆದದ್ದನ್ನು ಕೈಗೆತ್ತಿಕೊಳ್ಳಿ. ಫ್ರೆಡರಿಕ್ ಡಗ್ಲಾಸ್ ಅವರು 1845ರಲ್ಲಿ ಪ್ರಕಟಿಸಿದ ಆತ್ಮಕಥೆ ಸಣ್ಣದು, ಇಂಗ್ಲಿಷೂ ಕಠಿಣವಲ್ಲ. ಬಾಲ್ಟಿಮೋರಿನ ಮನೆಯಲ್ಲಿ ಬಾಲಕ ಡಗ್ಲಾಸನಿಗೆ ಮನೆಯೊಡತಿ ಅಕ್ಷರ ಕಲಿಸತೊಡಗುತ್ತಾಳೆ. ಗಂಡ ಅದನ್ನು ಕಂಡು, ಓದು ಬಂದರೆ ಇವನು ಗುಲಾಮನಾಗಿ ಉಳಿಯಲಾರ ಎಂದು ತಡೆಯುತ್ತಾನೆ. ಆ ಮಾತನ್ನು ಕೇಳಿಸಿಕೊಂಡ ಹುಡುಗನಿಗೆ ಬಿಡುಗಡೆಯ ದಾರಿ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಮುಂದೆ ಅವನು ಮನೆಯಿಂದ ರೊಟ್ಟಿ ಒಯ್ದು ಬೀದಿಯ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಪಾಠ ಹೇಳಿಸಿಕೊಳ್ಳುತ್ತಾನೆ. ಈ ಪುಟಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಮನೆಯೊಡತಿಯನ್ನು ಮುಖ್ಯವಾಗಿ ಗಮನಿಸಿ. ಅವಳು ಮೊದಲಿಗೆ ಕೆಟ್ಟವಳಲ್ಲ. ಮನೆಯ ಕಟ್ಟಳೆಗೆ ಒಗ್ಗಿಕೊಳ್ಳುತ್ತ ಹೋದಂತೆ ಗಂಡನಿಗಿಂತಲೂ ಕಟುವಾಗುತ್ತಾಳೆ. ನನ್ನ ಮನಸ್ಸಿನಲ್ಲಿ ದ್ವೇಷವಿಲ್ಲ, ಆದ್ದರಿಂದ ನಾನು ಇದರಲ್ಲಿ ಇಲ್ಲ ಎಂದು ಹೇಳುವವರು ಮತ್ತೆ ಮತ್ತೆ ಓದಬೇಕಾದ ಪಾತ್ರ ಅದು.

ಹೇಗೆ ಓದಬೇಕೆಂಬುದಕ್ಕೆ ನನ್ನ ಸಲಹೆ ಒಂದೇ: ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ, ಮತ್ತು ಅದರಲ್ಲಿ ಪುಸ್ತಕದ ಸಾರಾಂಶ ಬರೆಯಬೇಡಿ. ಓದುತ್ತಿದ್ದಂತೆ ನಿಮ್ಮ ಮನೆ, ಕಚೇರಿ, ನೆಂಟರಿಷ್ಟರಲ್ಲಿ ನೆನಪಿಗೆ ಬರುವ ಕಟ್ಟಳೆಗಳನ್ನು ಬರೆಯಿರಿ. ಯಾರು ಎಲ್ಲಿ ಕೂರುತ್ತಿದ್ದರು, ಯಾರಿಗೆ ಯಾವುದರಲ್ಲಿ ನೀರು ಕೊಡುತ್ತಿದ್ದರು, ಯಾರನ್ನು ಎಷ್ಟೇ ವಯಸ್ಸಾಗಿದ್ದರೂ ಏಕವಚನದಲ್ಲಿ ಕರೆಯುತ್ತಿದ್ದರು, ಸಾಲದ ಅರ್ಜಿ ಬಂದಾಗ ಯಾವ ಹೆಸರಿನ ಮುಂದೆ ಮ್ಯಾನೇಜರು ಇನ್ನೊಂದು ಜಾಮೀನು ಕೇಳುತ್ತಿದ್ದರು. ನಮ್ಮ ಕಡೆಯ ತೋಟದ ಮನೆಗಳಲ್ಲಿ ಕೆಲಸದವರಿಗೆಂದೇ ಇಟ್ಟ ಸ್ಟೀಲಿನ ಲೋಟವನ್ನು ನೀವು ಕಂಡಿರಬಹುದು; ಚಹಾ ಕುಡಿದವರು ಅಂಗಳದ ನಳ್ಳಿಯಲ್ಲಿ ತಾವೇ ಅದನ್ನು ತೊಳೆದು ಕಂಪೌಂಡ್ ಗೋಡೆಯ ಮೇಲೆ ಕವುಚಿ ಇಟ್ಟು ಹೋಗುತ್ತಾರೆ, ಮನೆಯವರ ಲೋಟಗಳು ಒಳಗೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿರುತ್ತವೆ. ಮೊದಲಿದ್ದ ತೆಂಗಿನ ಗೆರಟೆ ಹೋಗಿ ಸ್ಟೀಲು ಬಂದದ್ದನ್ನು ಸುಧಾರಣೆ ಎಂದು ಹೇಳುವವರೂ ಇದ್ದಾರೆ. ಇದನ್ನು ಮಾಡುವವರು ಯಾರೂ ಕೆಲಸದವರನ್ನು ಬೈಯುವುದಿಲ್ಲ, ಹಬ್ಬಕ್ಕೆ ಬಟ್ಟೆಯನ್ನೂ ಕೊಡುತ್ತಾರೆ. ಲೋಟ ಮಾತ್ರ ಗೋಡೆಯ ಮೇಲೆಯೇ ಇರುತ್ತದೆ.

ಓದಿನಿಂದ ಪಾಪಪ್ರಜ್ಞೆ ಬಂದರೆ ಅದರಲ್ಲಿ ಬಹಳ ದಿನ ಕೂರಬೇಡಿ, ಅದರಿಂದ ಯಾರಿಗೂ ಉಪಯೋಗವಿಲ್ಲ. ಬರೆದಿಟ್ಟ ಕಟ್ಟಳೆಗಳಲ್ಲಿ ಇಂದಿಗೂ ನಡೆಯುತ್ತಿರುವ ಯಾವುದನ್ನು ನೀವೊಬ್ಬರೇ ನಿಲ್ಲಿಸಬಲ್ಲಿರೋ ಅದನ್ನು ಮೊದಲು ನಿಲ್ಲಿಸಿ. ಮಗಳೊಡನೆ ಫೋನಿನಲ್ಲಿ ಮಾತನಾಡಲು ಅಷ್ಟು ಸಾಕು.

ಪ್ರಶ್ನೆ: ಅಮೆರಿಕದ ವರ್ಣಭೇದ ಮತ್ತು ನಮ್ಮ ಜಾತಿಪದ್ಧತಿ ಎರಡೂ ಒಂದೇ ಎಂದು ನಮ್ಮ ಉಪನ್ಯಾಸಕರು ಹೇಳಿದರು, ಎರಡಕ್ಕೂ ಸಂಬಂಧವೇ ಇಲ್ಲ ಎಂದು ಗೆಳೆಯರು ವಾದಿಸುತ್ತಾರೆ. ಯಾವುದು ಸರಿ? ಕನ್ನಡದಲ್ಲಿ ಏನನ್ನು ಓದಬಹುದು?
— ಪದವಿ ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಎರಡೂ ಒಂದೇ ಅಲ್ಲ, ಆದರೆ ಒಂದನ್ನು ಅನುಭವಿಸಿದವರು ಇನ್ನೊಂದನ್ನು ಕೂಡಲೇ ಗುರುತಿಸಿದ್ದಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಡಾ. ಅಂಬೇಡ್ಕರ್ ಅವರು 1946ರಲ್ಲಿ ಕಪ್ಪು ಜನರ ಹಿರಿಯ ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನರು ಸಲ್ಲಿಸಿದ್ದ ಮನವಿಯ ಪ್ರತಿಯನ್ನು ಕೇಳಿದರು. ಅಸ್ಪೃಶ್ಯರ ಸ್ಥಿತಿಗೂ ಅವರ ಸ್ಥಿತಿಗೂ ಬಹಳ ಸಾಮ್ಯವಿದೆ ಎಂಬುದೇ ಆ ಪತ್ರದ ಹುರುಳು. 1972ರಲ್ಲಿ ಮಹಾರಾಷ್ಟ್ರದ ದಲಿತ ಯುವಕರು ಕಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಹೆಸರು ಪಡೆಯಿತು. 1959ರಲ್ಲಿ ಭಾರತಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೇರಳದ ಶಾಲೆಯೊಂದರ ಮುಖ್ಯಸ್ಥರು ಅಮೆರಿಕದ ಅಸ್ಪೃಶ್ಯ ಬಂಧು ಎಂದು ದಲಿತ ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಕಸಿವಿಸಿಯಾಯಿತು, ಆಮೇಲೆ ಆ ಮಾತು ನಿಜವೆನ್ನಿಸಿತು ಎಂದು ಕಿಂಗ್ ಅವರೇ 1965ರಲ್ಲಿ ತಮ್ಮ ಚರ್ಚಿನ ಪ್ರವಚನದಲ್ಲಿ ಹೇಳಿಕೊಂಡಿದ್ದಾರೆ.

ವ್ಯತ್ಯಾಸವೂ ದೊಡ್ಡದೇ. ಅಲ್ಲಿ ಬಣ್ಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಬಣ್ಣದಿಂದ ಜಾತಿ ತಿಳಿಯದು, ಆದ್ದರಿಂದಲೇ ‘ಯಾವ ಊರು, ಯಾರ ಪೈಕಿ’ ಎಂದು ಕೇಳುವ ಪದ್ಧತಿ ಇದೆ. ಅಲ್ಲಿ ಮುಖ್ಯವಾಗಿ ಒಂದು ಗೆರೆ. ಇಲ್ಲಿ ಪ್ರತಿಯೊಬ್ಬನ ಕೆಳಗೂ ಇನ್ನೊಬ್ಬನಿರುವ ಮೆಟ್ಟಿಲುಗಳ ಸಾಲು. ಎರಡನ್ನೂ ಬೆಸೆಯುವ ಪ್ರಯತ್ನವನ್ನು ಬ್ರಿಟಿಷ್ ಅಧಿಕಾರಿಗಳು ಬೇರೆ ರೀತಿಯಲ್ಲಿ ಮಾಡಿದ್ದರು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲಿ ಮೂಗಿನ ಅಗಲವನ್ನು ಅಳೆದು ಜಾತಿಯ ಎತ್ತರವನ್ನು ಹೇಳಬಹುದೆಂದು ವಾದಿಸಿದ. ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ತಲೆ, ಮೂಗುಗಳನ್ನು ಅಳೆಯುತ್ತ ತಿರುಗಿದ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, 1909ರಲ್ಲಿ ಬಂದ ಥರ್ಸ್ಟನ್‌ನ 7 ಸಂಪುಟಗಳಲ್ಲಿ ತುಳುನಾಡಿನ ಸಮುದಾಯಗಳೂ ಇವೆ. ಅವುಗಳಿಂದ ಮಾಹಿತಿ ಎತ್ತಿಕೊಂಡು ತಮ್ಮ ಜಾತಿಯ ಹಿರಿಮೆ ಬರೆಯುವ ಹವ್ಯಾಸಿಗಳು ನಮ್ಮಲ್ಲಿ ಇಂದಿಗೂ ಸಾಕಷ್ಟಿದ್ದಾರೆ, ಅಳತೆಗೋಲು ಯಾರದ್ದೆಂದು ನೋಡುವವರು ಕಡಿಮೆ.

ಕಾನೂನಿನ ಮಟ್ಟದಲ್ಲಿ ಈ ಚರ್ಚೆ ಮುಗಿದಿಲ್ಲ. ಎಲ್ಲ ಬಗೆಯ ಜನಾಂಗೀಯ ತಾರತಮ್ಯವನ್ನು ತೊಡೆಯುವ 1965ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ 1968ರಲ್ಲೇ ಸೇರಿತು. ಅದರಲ್ಲಿ ಬಣ್ಣ, ಜನಾಂಗಗಳ ಜೊತೆಗೆ ‘ವಂಶ’ ಎಂಬುದೂ ಇದೆ. ವಂಶವೆಂದರೆ ಜಾತಿಯೂ ಸೇರಿತು ಎಂದು ವಿಶ್ವಸಂಸ್ಥೆಯ ಸಮಿತಿ ಹೇಳುತ್ತದೆ, ಭಾರತ ಸರಕಾರ ಒಪ್ಪುವುದಿಲ್ಲ. ವರ್ಣಭೇದದ ವಿರುದ್ಧ ವಿಶ್ವಸಂಸ್ಥೆ ದಕ್ಷಿಣ ಆಫ್ರಿಕದಲ್ಲಿ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿಯೂ ಇದೇ ಜಗ್ಗಾಟ ನಡೆಯಿತು. ನನ್ನ ಅಭಿಪ್ರಾಯ ಕೇಳಿದರೆ, ಅವಮಾನಕ್ಕೆ ಒಳಗಾಗುವವರಿಗೆ ಈ ವರ್ಗೀಕರಣದಿಂದ ಆಗುವ ವ್ಯತ್ಯಾಸ ಕಡಿಮೆ. ನಮ್ಮ ಕರಾವಳಿಯ ಕೊರಗ ಸಮುದಾಯವನ್ನೇ ನೋಡಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವುದು, ಕಂಬಳಕ್ಕೆ ಮೊದಲು ಅವರನ್ನು ಗದ್ದೆಯಲ್ಲಿ ಕೋಣಗಳಂತೆ ಓಡಿಸುವುದು, ಕೂಲಿಯಿಲ್ಲದೆ ಡೋಲು ಬಾರಿಸಲು ಕರೆಯುವುದು ಇವೆಲ್ಲ ಅಜಲು ಎಂಬ ಹೆಸರಿನಲ್ಲಿ ನಡೆಯುತ್ತಿದ್ದವು. ಇದನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ ಬಂದದ್ದು 2000ದಲ್ಲಿ. ನಮ್ಮ ಅಜ್ಜಂದಿರ ಕಾಲದ ಮಾತಲ್ಲ, ನಿಮ್ಮ ತಾಯ್ತಂದೆ ಕಂಡಿರಬಹುದಾದ ಕಾಲದ್ದು.

ನಮ್ಮ ರಾಜ್ಯದಲ್ಲಿ ಆಫ್ರಿಕನ್ ಮೂಲದ ಕನ್ನಡಿಗರೂ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರ ಗೋವೆಗೆ ಗುಲಾಮರನ್ನಾಗಿ ತರಲಾಗಿತ್ತು. ಅವರು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿದ್ದಾರೆ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಚ್ಚ ಕನ್ನಡದಲ್ಲಿ ಮಾತನಾಡುವ ಸಿದ್ದಿ ಯುವಕನಿಗೆ ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ‘ಯಾವ ದೇಶ’ ಎಂದು ಕೇಳುವವರು ಇಂದಿಗೂ ಇದ್ದಾರೆ. ಹೊಗಳಿಕೆಯ ರೂಪದಲ್ಲಿಯೂ ಇದು ಬರುತ್ತದೆ: ಆಫ್ರಿಕನ್ ಮೂಲದವರು ಓಟದಲ್ಲಿ ಹುಟ್ಟಾ ಮುಂದು ಎಂಬ ನಂಬಿಕೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು, ಕೆಲವು ಪದಕಗಳು ಬಂದವು, ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು ಮಕ್ಕಳು ಮತ್ತೆ ಕಾಡಿನಂಚಿನ ಕೂಲಿಗೆ ಮರಳಿದರು.

ಓದಿಗೆ, ನಮ್ಮ ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನೀವು ಓದಿರುತ್ತೀರಿ, ಸ್ವಂತದ ತುಂಡು ಭೂಮಿಯನ್ನು ಉಳುವ ಆಸೆ ಚೋಮನಿಗೆ ಏಕೆ ನಿಷಿದ್ಧವಾಗಿತ್ತು ಎಂಬ ಪ್ರಶ್ನೆಯೊಡನೆ ಅದನ್ನು ಮತ್ತೊಮ್ಮೆ ಓದಿ. 1933ರ ಆ ಕಾದಂಬರಿ ಹೊರಗಿನಿಂದ ಕಂಡ ಮರುಕದ ಕೃತಿ. ಅಲ್ಲಿಗೇ ನಿಲ್ಲದೆ ಒಳಗಿನಿಂದ ಬರೆದ ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ಗಳಿಗೆ ಬನ್ನಿ. ‘ಊರು ಕೇರಿ’ ಓದುವಾಗ ನಗು ಬರುತ್ತದೆ, ಆ ನಗುವಿಗೆ ಸಂಕೋಚಪಡಬೇಕಾಗಿಲ್ಲ. ಅಂಬೇಡ್ಕರ್ ಅವರ 1936ರ ‘ಜಾತಿ ವಿನಾಶ’ ಭಾಷಣ ಕನ್ನಡದಲ್ಲಿದೆ. ಪರೀಕ್ಷೆಗಾಗಿ ಓದಿದ ಅಂಬೇಡ್ಕರ್‌ಗಿಂತ ಅಲ್ಲಿನ ಅಂಬೇಡ್ಕರ್ ಬಹಳ ಖಾರ.

ಪ್ರಶ್ನೆ: ನನ್ನ ಏಳು ವರ್ಷದ ಮಗಳದ್ದು ಕಪ್ಪು ಮೈಬಣ್ಣ. ಗಂಡನ ಮನೆಯವರು ಕೂಡಿದಾಗಲೆಲ್ಲ ಅದೇ ಮಾತು. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂದು ಹೊಗಳುವುದು ಬೇರೆ. ಏನು ಮಾಡಲಿ?
— ತಾಯಿ, ಬಂಟ್ವಾಳ

ಉತ್ತರ: ಮಗುವಿನ ಎದುರಿನಲ್ಲೇ, ನಗುಮುಖದಲ್ಲೇ, ‘ಅತ್ತಿಗೆ, ಅವಳ ಬಣ್ಣದ ಸುದ್ದಿ ನಮ್ಮಲ್ಲಿ ಬೇಡ’ ಎಂದು ಹೇಳಿಬಿಡಿ. ಒಂದು ಸಲಕ್ಕೆ ನಿಲ್ಲುವುದಿಲ್ಲ, ಪ್ರತಿ ಸಲವೂ ಹೇಳಬೇಕಾಗುತ್ತದೆ, ಮತ್ತು ಅದನ್ನು ಹೇಳುವ ಕೆಲಸ ನಿಮಗಿಂತ ನಿಮ್ಮ ಗಂಡನದ್ದು. ಅವರ ಅಕ್ಕತಂಗಿಯರಿಗೆ ಅವರು ಹೇಳಿದರೆ ನಾಟುತ್ತದೆ. ಅರಸಿನ, ಕಡಲೆಹಿಟ್ಟು ಹಚ್ಚಿ ಬಣ್ಣ ತಿದ್ದುವ ಪ್ರಯೋಗಗಳನ್ನು ನಿಲ್ಲಿಸಿ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆಂಡ್ ಲವ್ಲಿ ಕ್ರೀಮು, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ನಡೆದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧ ಎದ್ದ ಪ್ರತಿಭಟನೆ ಲೋಕವನ್ನೇ ವ್ಯಾಪಿಸಿದ 2020ರಲ್ಲಿ ಹೆಸರಿನಿಂದ ‘ಫೇರ್’ ಪದವನ್ನು ತೆಗೆದು ಗ್ಲೋ ಆಂಡ್ ಲವ್ಲಿ ಆಯಿತು. ನಮ್ಮ ವಧೂವರ ಅಂಕಣಗಳ ‘ಬೆಳ್ಳಗಿನ, ಸುಂದರ ಕನ್ಯೆ ಬೇಕಾಗಿದೆ’ ಇನ್ನೂ ಹಾಗೆಯೇ ಇದೆ, ಇದರಲ್ಲಿ ಪತ್ರಿಕೆಗಳವರಾದ ನಮ್ಮ ಪಾಲೂ ಇದೆ.

ಪ್ರಶ್ನೆ: ಗಾಂಧೀಜಿಯವರೇ ಆಫ್ರಿಕನ್ನರನ್ನು ಕೀಳಾಗಿ ಕಂಡವರು ಎಂದು ಓದಿದೆ. ನಿಜವೇ? ಹಾಗಾದರೆ ಅವರನ್ನು ಓದುವುದರಲ್ಲಿ ಅರ್ಥವೇನು?
— ಪ್ರೌಢಶಾಲಾ ಶಿಕ್ಷಕರು, ಕುಂದಾಪುರ

ಉತ್ತರ: ಭಾಗಶಃ ನಿಜ, ಮತ್ತು ಮುಚ್ಚಿಡಬೇಕಾದದ್ದಲ್ಲ. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ತರುಣ ವಕೀಲ, ಮೊದಲ ವರ್ಷಗಳ ಅರ್ಜಿ ಮತ್ತು ಬರಹಗಳಲ್ಲಿ, ಭಾರತೀಯರನ್ನು ಅಲ್ಲಿನ ಕಪ್ಪು ಜನರ ಮಟ್ಟಕ್ಕೆ ಇಳಿಸಲಾಗುತ್ತಿದೆ ಎಂದು ದೂರುತ್ತಾರೆ, ಅವರಿಗೆ ಹೀನಾಯದ ಹೆಸರನ್ನೇ ಬಳಸುತ್ತಾರೆ. ತಿಂದ್ ಮೊಕದ್ದಮೆಯಲ್ಲಿ ಕಂಡ ವಾದವೇ ಇದು. ಈ ಕಾರಣಕ್ಕಾಗಿಯೇ ಘಾನಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಅವರ ಪ್ರತಿಮೆಯನ್ನು ಅಧ್ಯಾಪಕರ, ವಿದ್ಯಾರ್ಥಿಗಳ ವಿರೋಧದ ಬಳಿಕ 2018ರಲ್ಲಿ ತೆಗೆಯಲಾಯಿತು. 1906ರಲ್ಲಿ ಜುಲು ಜನರ ದಂಗೆಯನ್ನು ಸರಕಾರ ಹತ್ತಿಕ್ಕಿದಾಗ ಗಾಂಧಿ ಗಾಯಾಳುಗಳನ್ನು ಹೊರುವ ಭಾರತೀಯರ ತಂಡದೊಂದಿಗೆ ಹೋದರು, ಚಾಟಿಯೇಟು ತಿಂದ ಜುಲು ಜನರ ಗಾಯಗಳನ್ನು ತೊಳೆದರು. ಆ ಅನುಭವ ತಮ್ಮನ್ನು ಹೇಗೆ ಕಲಕಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. 1936ರಲ್ಲಿ ತಮ್ಮನ್ನು ಕಾಣಬಂದ ಹವರ್ಡ್ ಥರ್ಮನ್ ಮುಂತಾದ ಕಪ್ಪು ಅಮೆರಿಕನ್ನರಿಗೆ, ಅಹಿಂಸೆಯ ಸಂದೇಶ ಜಗತ್ತಿಗೆ ಮುಟ್ಟುವುದು ಬಹುಶಃ ನಿಮ್ಮ ಜನರ ಮೂಲಕವೇ ಎಂಬರ್ಥದ ಮಾತನ್ನು ಅವರು ಹೇಳಿದರು.

ತರಗತಿಯಲ್ಲಿ ಗಾಂಧಿಯನ್ನು ಪಾಠ ಮಾಡುವಾಗ ತಾರೀಕು ಸಮೇತ ಪಾಠ ಮಾಡಿ: ಯಾವ ಮಾತು ಯಾವ ವರ್ಷದ್ದು, ಆ ನಡುವೆ ಏನಾಯಿತು. ಹುಟ್ಟಾ ಮಹಾತ್ಮನಾಗಿದ್ದವನಿಂದ ಮಕ್ಕಳು ಕಲಿಯುವಂಥದ್ದು ಏನೂ ಇಲ್ಲ. ಹಾಗೆಂದು ಬದಲಾದರಲ್ಲ ಎಂಬ ಕಾರಣಕ್ಕೆ ಹಳೆಯ ಬರಹವನ್ನು ಅಳಿಸಿಹಾಕುವುದೂ ಸಲ್ಲದು, ಘಾನಾದ ವಿದ್ಯಾರ್ಥಿಗೆ ಅದನ್ನು ಓದಿ ಸಿಟ್ಟಾಗುವ ಹಕ್ಕಿದೆ.

ಪ್ರಶ್ನೆ: ಮಣಿಪಾಲದ ಹತ್ತಿರ ನಮ್ಮ ಮನೆಯ ಮಹಡಿಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತೇವೆ. ಆಫ್ರಿಕದವರಿಗೂ ಈಶಾನ್ಯ ರಾಜ್ಯಗಳವರಿಗೂ ಕೊಡುವುದಿಲ್ಲ. ಅಡುಗೆಯ ವಾಸನೆ, ತಡರಾತ್ರಿಯ ಗಲಾಟೆ, ನೆರೆಯವರ ದೂರು, ವಿದೇಶೀಯರಾದರೆ ಪೊಲೀಸ್ ಕಾಗದಪತ್ರ. ಯಾರ ಮೇಲೂ ನನಗೆ ದ್ವೇಷವಿಲ್ಲ. ಆದರೂ ಮಗ ‘ಅಮ್ಮಾ, ನೀನು ಮಾಡುವುದು ವರ್ಣಭೇದ’ ಎನ್ನುತ್ತಾನೆ. ಹೌದೇ?
— ಗೃಹಿಣಿ, ಪರ್ಕಳ

ಉತ್ತರ: ನಿಮ್ಮ ಮಗ ಹೇಳಿದ್ದು ನಿಮ್ಮ ಕಟ್ಟಳೆಯ ಬಗ್ಗೆ, ಆ ಮಟ್ಟಿಗೆ ಅವನ ಮಾತು ಸರಿ. ನಿಮ್ಮ ಮನಸ್ಸು ಹೇಗಿದೆ ಎಂಬುದು ಬಾಗಿಲಿಗೆ ಬಂದು ಹಿಂದಿರುಗಿದ ಹುಡುಗಿಗೆ ಗೊತ್ತಾಗುವುದಿಲ್ಲ, ಮಹಡಿ ಖಾಲಿಯಿದ್ದೂ ಖಾಲಿಯಿಲ್ಲ ಎಂದು ಹೇಳಿದ್ದು ಮಾತ್ರ ಗೊತ್ತಾಗುತ್ತದೆ.

ವಾಸನೆಯ ಮಾತು ಕರಾವಳಿಯವರ ಬಾಯಿಯಲ್ಲಿ ಬಂದರೆ ನನಗೆ ಸ್ವಲ್ಪ ನಗು. ಮಳೆಗಾಲದಲ್ಲಿ ಒಣಮೀನು ಸುಡುವ ಮನೆಯ ವಾಸನೆ ಎಷ್ಟು ದೂರ ಹೋಗುತ್ತದೆಂದು ನಿಮಗೆ ತಿಳಿಯದ್ದಲ್ಲ, ಮೀನು ತಿನ್ನುವವರೆಂಬ ಕಾರಣಕ್ಕೆ ಮುಂಬಯಿಯ ಸೊಸೈಟಿಗಳಲ್ಲಿ ಮನೆ ಸಿಗದೆ ಅಲೆದ ನಮ್ಮವರು ಎಷ್ಟೋ ಮಂದಿ. ನಾಗಾಲ್ಯಾಂಡಿನವರು ಸೋಯಾ ಅವರೆಯನ್ನು ಹುಳಿ ಬರಿಸಿ ಮಾಡುವ ಆಖುನಿಗೂ ನಮ್ಮ ಒಣಮೀನಿನ ಚಟ್ನಿಗೂ ನೆರೆಮನೆಯ ಮೂಗು ಒಂದೇ ತಕರಾರು ಮಾಡುತ್ತದೆ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಯಾರೇ ಬಾಡಿಗೆಗಿರಲಿ ಉಪಯೋಗಕ್ಕೆ ಬರುತ್ತದೆ.

ಗಲಾಟೆಯ ವಿಷಯ ಹೆಚ್ಚು ಗಂಭೀರವಾದದ್ದು, ಏಕೆಂದರೆ ಒಬ್ಬನ ತಪ್ಪನ್ನು ಅವನಂತೆ ಕಾಣುವ ಎಲ್ಲರ ಮೇಲೆ ಹೊರಿಸುವ ಅಭ್ಯಾಸ ಇಲ್ಲಿಂದಲೇ ಬೆಳೆಯುತ್ತದೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ, ಆ ಅಪಘಾತಕ್ಕೂ ಆ ದೇಶಕ್ಕೂ ಸಂಬಂಧವಿಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿ ಕಾರಿಗೆ ಬೆಂಕಿ ಹಚ್ಚಿತು. 2014ರಲ್ಲಿ ದೆಹಲಿಯ ಮಾರುಕಟ್ಟೆಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿಯೊಬ್ಬನನ್ನು ಅವನ ಕೂದಲಿನ ಬಣ್ಣವನ್ನು ಗೇಲಿ ಮಾಡಿ ಹೊಡೆದರು, ಅವನು ಸತ್ತ. ಆ ಬಳಿಕ ಕೇಂದ್ರ ಸರಕಾರ ನೇಮಿಸಿದ ಬೆಜ್ಬರುವಾ ಸಮಿತಿಯ ವರದಿಯಲ್ಲಿ ಈಶಾನ್ಯದವರಿಗೆ ಬಾಡಿಗೆ ಮನೆ ಸಿಗುವ ಕಷ್ಟವೂ ಚರ್ಚೆಗೆ ಬಂದಿದೆ. ನೀವು ಹಲ್ಲೆ ಮಾಡುವವರಲ್ಲ, ಅದು ನನಗೆ ಗೊತ್ತು. ಆದರೆ ‘ಅವರೆಲ್ಲ ಹೀಗೆ’ ಎಂಬ ಎಣಿಕೆ ಎರಡೂ ಕಡೆ ಒಂದೇ. ಮಂಗಳೂರಿನ ಧಕ್ಕೆಯಲ್ಲಿ, ಮಲ್ಪೆಯ ಬಂದರಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡಿನವರ ಬಗ್ಗೆ ಮಾತನಾಡುವಾಗ, ರಸ್ತೆ ಕೆಲಸಕ್ಕೆ ಬರುವ ಉತ್ತರ ಕರ್ನಾಟಕದವರನ್ನು ‘ಘಟ್ಟದವರು’ ಎನ್ನುವಾಗ ನಮ್ಮ ದನಿಯಲ್ಲಿ ಕೂಡ ಅದೇ ಎಣಿಕೆ ಇದೆಯೇ ಎಂದು ನೀವೇ ಪರೀಕ್ಷಿಸಿಕೊಳ್ಳಬಹುದು.

ಮಾಡಬೇಕಾದದ್ದು ಸರಳ. ಬಾಡಿಗೆ, ಅಡ್ವಾನ್ಸ್, ರಾತ್ರಿ ಎಷ್ಟು ಗಂಟೆಯ ನಂತರ ಸದ್ದು ಬೇಡ, ಅತಿಥಿಗಳು ಎಷ್ಟು ದಿನ ಉಳಿಯಬಹುದು, ಎಂಥ ತಪ್ಪಿಗೆ ಮನೆ ಬಿಡಿಸಲಾಗುವುದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೇಳಿ ಬಂದ ಪ್ರತಿಯೊಬ್ಬರಿಗೂ ಅದನ್ನೇ ಕೊಡಿ. ಒಪ್ಪಿದವರಲ್ಲಿ ಮೊದಲು ಬಂದವರಿಗೆ ಮನೆ. ಕರಾರು ಮುರಿದವರು ಉಡುಪಿಯವರಾದರೂ ನೈರೋಬಿಯವರಾದರೂ ಹೊರಗೆ. ನೆರೆಯವರು ದೂರು ತಂದಾಗ ‘ಯಾವ ದಿನ, ಏನಾಯಿತು’ ಎಂದು ಕೇಳಿ. ಘಟನೆ ಇದ್ದರೆ ಹುಡುಗರನ್ನು ಕರೆದು ಮಾತನಾಡಿ. ಘಟನೆ ಇಲ್ಲದೆ ಬರೀ ‘ಇಂಥವರನ್ನು ಯಾಕೆ ಇಟ್ಟುಕೊಂಡಿರಿ’ ಎಂದಷ್ಟೇ ಇದ್ದರೆ, ಬಾಡಿಗೆ ನಿಮ್ಮದು, ಮನೆ ನಿಮ್ಮದು, ಆ ಮಾತನ್ನು ಅಲ್ಲಿಗೇ ಮುಗಿಸುವ ಅಧಿಕಾರವೂ ನಿಮ್ಮದು.

ಕಾಗದಪತ್ರದ ಭಯ ಅನಗತ್ಯ. ವಿದೇಶೀಯರನ್ನು ಮನೆಯಲ್ಲಿರಿಸಿಕೊಂಡವರು ಅವರು ಬಂದ 24 ಗಂಟೆಗಳೊಳಗೆ ಅವರ ವಿವರದ ನಿಗದಿತ ಫಾರ್ಮ್ (ಮೊದಲು ಫಾರ್ಮ್ ‘ಸಿ’ ಎನ್ನುತ್ತಿದ್ದದ್ದು) ಸಲ್ಲಿಸಬೇಕೆಂಬ ನಿಯಮವಿದೆ. ಇದನ್ನು ಆನ್‌ಲೈನ್‌ನಲ್ಲೇ ತುಂಬಬಹುದು. ಪಾಸ್‌ಪೋರ್ಟ್, ವೀಸಾಗಳ ವಿವರ ಮತ್ತು ಒಂದು ಭಾವಚಿತ್ರ ಬೇಕಾಗುತ್ತದೆ. ಮೊದಲ ಸಲ ನಿಮ್ಮ ಮಗನನ್ನೇ ಕೂರಿಸಿ ಮಾಡಿಸಿ.